ಕರಿಕೆ ಹುಲ್ಲುಹಾಸಿನಲ್ಲಿ ಅಗಲ ಎಲೆಯ ಕಸ: ಔಷಧಿಗಿಂತ ಮೊದಲು ಗಿಡದ ಗುರುತು

ಪ್ರಶ್ನೆ: ಹುಬ್ಬಳ್ಳಿಯ ನವನಗರದಲ್ಲಿ ನಮ್ಮ ಮನೆಯ ಮುಂದೆ 20 ಅಡಿ ಅಗಲ, 30 ಅಡಿ ಉದ್ದದ ಹುಲ್ಲುಹಾಸು ಇದೆ. ಎರೆಮಣ್ಣಿನ ಮೇಲೆ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಹರಡಿ ಕರಿಕೆ ಜಾತಿಯ ಹುಲ್ಲು ನೆಟ್ಟಿದ್ದೆವು. ಈ ವರ್ಷ ಮುಂಗಾರು ಹಿಡಿದ ಮೇಲೆ ಹುಲ್ಲಿಗಿಂತ ಕಸವೇ ಹೆಚ್ಚಾಗಿದೆ. ಆರು ಫೋಟೊ ಕಳಿಸಿದ್ದೇನೆ. ಗೊಬ್ಬರದ ಅಂಗಡಿಯವರು 2,4-ಡಿ ಬಾಟಲಿ ಕೊಟ್ಟು, ಹುಲ್ಲು ಉಳಿದು ಮಿಕ್ಕಿದ್ದೆಲ್ಲ ಸಾಯುತ್ತದೆ ಎಂದರು. ಸಾಲದಿದ್ದರೆ ಮೆಟ್‌ಸಲ್ಫ್ಯೂರಾನ್ ಪುಡಿ ಬೆರೆಸಿ ಎಂದೂ ಹೇಳಿದರು. ಪಕ್ಕದಲ್ಲೇ ಗುಲಾಬಿ, ದಾಸವಾಳ, ತುಳಸಿ ಇವೆ. ಮೊಮ್ಮಗಳು ಅಲ್ಲೇ ಆಡುತ್ತಾಳೆ. ಹೊಡೆಯಬಹುದೇ? ನನ್ನ ಹೆಂಡತಿ ಅದರೊಳಗಿನ ಹೊನಗೊನ್ನೆಯನ್ನು ಪಲ್ಯಕ್ಕೆ ಕೀಳುತ್ತಾಳೆ, ಅದು ಸರಿಯೇ?

ಉತ್ತರ: ಬಾಟಲಿಯ ಮುಚ್ಚಳ ಇನ್ನೂ ತೆರೆದಿಲ್ಲವಾದರೆ ಸದ್ಯಕ್ಕೆ ಹಾಗೆಯೇ ಇರಲಿ. ನಿಮ್ಮ ಆರು ಫೋಟೊಗಳಲ್ಲಿ ಆರು ಬೇರೆ ಬೇರೆ ಗಿಡಗಳಿವೆ, ಅವುಗಳಲ್ಲಿ ಒಂದು ಅಗಲ ಎಲೆಯ ಜಾತಿಯೇ ಅಲ್ಲ. ಉಳಿದ ಐದರಲ್ಲಿ 2,4-ಡಿಗೆ ಸುಲಭವಾಗಿ ಸಾಯುವುದು ಒಂದು ಮಾತ್ರ. ಎರಡು ಅರ್ಧಕ್ಕರ್ಧ ಬಗ್ಗುತ್ತವೆ, ಇನ್ನೆರಡು ಸ್ವಲ್ಪ ಬಾಡಿ ಮತ್ತೆ ಚಿಗುರುತ್ತವೆ. ಅಂಗಡಿಯವರು ಹೇಳಿದ್ದು ಹೊಲದ ಲೆಕ್ಕ. ಜೋಳ, ಗೋವಿನಜೋಳ, ಕಬ್ಬಿನ ಹೊಲದಲ್ಲಿ ನೆಟ್ಟಗೆ ಬೆಳೆಯುವ ಅಗಲ ಎಲೆಯ ಕಸಕ್ಕೆ ಆ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಹುಲ್ಲುಹಾಸಿನ ಕಸದ ರೀತಿ ಬೇರೆ. ಮೇಲಿಂದ ಮೇಲೆ ಕತ್ತರಿಸುವ ಜಾಗದಲ್ಲಿ ಎತ್ತರದ ಗಿಡಗಳು ಬದುಕುವುದಿಲ್ಲ. ಯಂತ್ರದ ಅಲಗಿಗೆ ಸಿಗದಂತೆ ನೆಲಕ್ಕಂಟಿ ಹರಡುವಂಥವು, ಗೆಣ್ಣುಗೆಣ್ಣಿಗೆ ಬೇರು ಬಿಡುವಂಥವು, ವಾರಗಳಲ್ಲೇ ಬೀಜ ಕಟ್ಟುವಂಥವು ಉಳಿಯುತ್ತವೆ. ಅಂಥವನ್ನು ಒಂದೇ ಬಾಟಲಿಯಿಂದ ತೀರಿಸಲು ಆಗುವುದಿಲ್ಲ. ಅದಕ್ಕೇ ನಾನು ಮೊದಲು ಗಿಡದ ಗುರುತಿನಿಂದ ಆರಂಭಿಸುತ್ತೇನೆ.

ಮೊದಲ ಎರಡು ಫೋಟೊಗಳನ್ನು ನೀವು ಒಂದೇ ಗಿಡವೆಂದು ತಿಳಿದು 'ಮೂರೆಲೆಯದು' ಎಂದು ಬರೆದಿದ್ದೀರಿ. ಅವು ಎರಡು ಗಿಡಗಳು, ಎರಡು ಬೇರೆ ಕುಟುಂಬದವು. ಒಂದು ಪುಲ್ಲಂಪುರಚಿ, ಅಂದರೆ ಆಕ್ಸಾಲಿಸ್ ಕಾರ್ನಿಕ್ಯುಲಾಟಾ. ಅದರ ಮೂರೂ ಎಲೆಗಳು ಹೃದಯದ ಆಕಾರದವು, ಸಂಜೆಯಾದರೆ ಮಡಚಿಕೊಳ್ಳುತ್ತವೆ. ಹೂವು ಹಳದಿ, ಐದು ಎಸಳು. ಎಲೆ ಕಚ್ಚಿದರೆ ಹುಳಿ, ಅದು ಆಕ್ಸಾಲಿಕ್ ಆಮ್ಲದ ರುಚಿ. ಇನ್ನೊಂದು ಡೆಸ್ಮೋಡಿಯಂ ಟ್ರೈಫ್ಲೋರಂ. ಅದರ ಎಲೆಗಳು ಇನ್ನೂ ಚಿಕ್ಕವು, ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಹುಳಿ ಇಲ್ಲ. ಹೂವು ನಸುನೇರಳೆ, ಕಾಯಿ ಗಂಟುಗಂಟಾದ ಪುಟ್ಟ ಚಪ್ಪಟೆ ಕಾಯಿ. ಇದು ದ್ವಿದಳ ಜಾತಿ, ಹೆಸರು ಅಲಸಂದೆಗಳ ಬಳಗದ್ದು.

ಈ ವ್ಯತ್ಯಾಸ ತಿಳಿದರೆ ಕೆಲಸ ಅರ್ಧ ಮುಗಿದಂತೆ. ಡೆಸ್ಮೋಡಿಯಂ ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ನೆಲದಲ್ಲಿ ಸಾರಜನಕ ಕಡಿಮೆಯಾದಾಗ ಹುಲ್ಲು ಸೊರಗುತ್ತದೆ, ಇದು ಸೊರಗುವುದಿಲ್ಲ. ನಿಮ್ಮ ಹುಲ್ಲು ತಿಳಿಹಳದಿಯಾಗಿದೆ, ಅದರ ನಡುವೆ ಡೆಸ್ಮೋಡಿಯಂ ಮಾತ್ರ ಹಸಿರು ಚಾಪೆಯಾಗಿ ಹರಡಿದೆ. ಫೋಟೊದಲ್ಲೇ ಅದು ಸ್ಪಷ್ಟವಾಗಿ ಕಾಣುತ್ತದೆ. ಈ ಗಿಡಕ್ಕೆ ಮೊದಲ ಮದ್ದು ಯೂರಿಯಾ: ಹುಲ್ಲಿಗೆ ಹೊಟ್ಟೆ ತುಂಬ ಕೊಟ್ಟರೆ ಅದೇ ಡೆಸ್ಮೋಡಿಯಂ ಅನ್ನು ನೆರಳಿನಲ್ಲಿ ಅದುಮುತ್ತದೆ. ಪುಲ್ಲಂಪುರಚಿಗೆ ಅದೊಂದೇ ಸಾಲದು. ಅದು ಬಳ್ಳಿಯ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ, ಜೊತೆಗೆ ಬೆಂಡೆಕಾಯಿ ಆಕಾರದ ಸಣ್ಣ ಕಾಯಿ ಮಾಗಿದಾಗ ಮುಟ್ಟಿದರೆ ಸಾಕು, ಬೀಜ ಸಿಡಿದು ದೂರ ಬೀಳುತ್ತದೆ. ಕಾಯಿ ಬಲಿತ ಮೇಲೆ ಕೀಳಲು ಕೂತವರು ಕಿತ್ತಿದ್ದಕ್ಕಿಂತ ಹೆಚ್ಚು ಬಿತ್ತುತ್ತಾರೆ. ಹಳದಿ ಹೂವು ಕಂಡ ವಾರದಲ್ಲೇ ಕೈ ಹಾಕಬೇಕು. 2,4-ಡಿ ಒಂದನ್ನೇ ನಂಬಿದರೆ ಪುಲ್ಲಂಪುರಚಿ ಸೊಟ್ಟಗಾಗಿ ಮಲಗಿ ಮತ್ತೆ ಎದ್ದು ನಿಲ್ಲುತ್ತದೆ.

ಮೂರನೆಯದು ಹಾಲುಗಿಡ. ದಂಟು ಮುರಿದರೆ ಬಿಳಿ ಹಾಲು ಬರುತ್ತದೆಯೇ ನೋಡಿ, ಬಂದರೆ ಅನುಮಾನವೇ ಬೇಡ. ಇದರಲ್ಲಿ ಸ್ವಲ್ಪ ಎತ್ತಿ ಬೆಳೆಯುವ, ರೋಮವಿರುವ ಕೆಂಪು ದಂಟಿನದು ಅಚ್ಚೆಗಿಡ, ಯುಫೋರ್ಬಿಯಾ ಹಿರ್ಟಾ. ನಿಮ್ಮಲ್ಲಿ ಹೆಚ್ಚಾಗಿರುವುದು ಅದರ ತಂಗಿಯಂಥ, ಪೂರ್ತಿ ನೆಲಕ್ಕಂಟಿ ಚಕ್ರದಂತೆ ಹರಡುವ ಸಣ್ಣ ಎಲೆಯ ಜಾತಿ. ಎರಡೂ ಒಂದು ಹಂಗಾಮಿನ ಗಿಡಗಳು, ಬೀಜದಿಂದಲೇ ಬರುತ್ತವೆ, ಬರಿನೆಲ ಕಂಡಲ್ಲೇ ಬರುತ್ತವೆ. ನಿಮ್ಮ ಗೇಟಿನಿಂದ ಮೆಟ್ಟಿಲವರೆಗೆ ಜನ ಓಡಾಡಿ ಗಟ್ಟಿಯಾದ ಪಟ್ಟಿಯಲ್ಲೇ ಅವು ಸಾಲಾಗಿ ಇರುವುದು ಅದಕ್ಕೇ. ಇವಕ್ಕೆ ಔಷಧಿ ಹೊಡೆಯುವುದು ವ್ಯರ್ಥ. ನಡುವಿನ ಒಂದೇ ತಾಯಿಬೇರನ್ನು ಹಿಡಿದು ಎಳೆದರೆ ಇಡೀ ಚಕ್ರ ಕೈಗೆ ಬರುತ್ತದೆ. ಹಾಲು ಕಣ್ಣಿಗೆ ತಾಗಿದರೆ ಉರಿ ಬಹಳ. ಕೈಗವಸು ಹಾಕಿಕೊಳ್ಳಿ, ಮೊಮ್ಮಗಳ ಕೈಗೆ ಕೊಡಬೇಡಿ.

ನಾಲ್ಕನೆಯದು ಗಬ್ಬುಶಾವಂತಿ, ಟ್ರೈಡ್ಯಾಕ್ಸ್. ಹಳದಿ ನಡುವಿನ, ಬಿಳಿ ಅಂಚಿನ ಪುಟ್ಟ ಹೂವು ಉದ್ದನೆಯ ಒಂಟಿ ತೊಟ್ಟಿನ ಮೇಲೆ ನಿಂತಿರುತ್ತದೆ. ಹೊಲದ ಬದುವಿನಲ್ಲಿ ಗಾಯಕ್ಕೆ ಹಿಂಡುವ ಸೊಪ್ಪು ಎಂದು ಅನೇಕರಿಗೆ ಪರಿಚಿತ. 2,4-ಡಿಗೆ ಸುಲಭವಾಗಿ ಸಾಯುವುದು ಇದೇ. ಆದರೆ ಫೋಟೊದಲ್ಲಿ ಏಳೆಂಟು ಗಿಡ ಮಾತ್ರ ಕಾಣುತ್ತವೆ, ಅಷ್ಟಕ್ಕೆ ಪಂಪು ಹೊರುವ ಅಗತ್ಯವಿಲ್ಲ.

ಐದನೆಯದು ಹೊನಗೊನ್ನೆ. ನಿಮ್ಮ ಮನೆಯವರ ಗುರುತು ಸರಿಯಾಗಿದೆ: ಎದುರುಬದುರು ಎಲೆ, ಎಲೆಯ ಕಂಕುಳಲ್ಲಿ ಬಿಳಿ ಹೂವಿನ ಸಣ್ಣ ಗೊಂಚಲು. ಪಲ್ಯಕ್ಕೆ ಒಳ್ಳೆಯ ಸೊಪ್ಪು. ಹುಲ್ಲುಹಾಸಿಗೆ ಯಾವ ವಿಷವನ್ನೂ ಹೊಡೆಯದಿದ್ದರೆ, ಚರಂಡಿಯ ನೀರು ಅಲ್ಲಿಗೆ ಹರಿಯದಿದ್ದರೆ, ನಾಯಿ ಬೆಕ್ಕು ತಿರುಗಾಡದ ಜಾಗವಾಗಿದ್ದರೆ ತೊಳೆದು ಅಡುಗೆಗೆ ಬಳಸಬಹುದು. ಒಮ್ಮೆ ಕಳೆನಾಶಕ ಬಿದ್ದ ಮೇಲೆ ಆ ಹಂಗಾಮಿನಲ್ಲಿ ಅಲ್ಲಿಂದ ಒಂದು ಕುಡಿಯನ್ನೂ ತಿನ್ನಬಾರದು. ದನಕ್ಕೂ ಹಾಕಬಾರದು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ, ಮನೆಯ ಎಲ್ಲರಿಗೂ ಮೊದಲೇ ತಿಳಿಸಿಬಿಡಿ. ಹೊನಗೊನ್ನೆ ತಂಪು ಹುಡುಕುವ ಗಿಡ. ಅದು ನಿಮ್ಮಲ್ಲಿ ನಳದ ಹತ್ತಿರ, ಕಂಪೌಂಡಿನ ನೆರಳಿನ ಮೂಲೆಯಲ್ಲಿ ಮಾತ್ರ ಇದೆ. ನಳದ ಸೋರಿಕೆ ನಿಲ್ಲಿಸದೆ ಎಷ್ಟು ಕಿತ್ತರೂ ತುಂಡಾಗಿ ಉಳಿದ ಒಂದೊಂದು ಗೆಣ್ಣೂ ಹೊಸ ಗಿಡವಾಗುತ್ತದೆ.

ಆರನೆಯ ಫೋಟೊದ್ದು ಜೇಕು. ಎಲೆ ಹುಲ್ಲಿನಂತೆ ಕಂಡರೂ ಅದು ಹುಲ್ಲಲ್ಲ, ಅಗಲ ಎಲೆಯ ಗಿಡವೂ ಅಲ್ಲ. ಹೂವಿನ ದಂಟನ್ನು ಎರಡು ಬೆರಳಿನ ನಡುವೆ ಹೊರಳಿಸಿ ನೋಡಿ, ಮೂರು ಮೂಲೆ ತಾಗುತ್ತವೆ. ನೆಲದಡಿ ಸರಪಳಿಯಾಗಿ ಗಡ್ಡೆಗಳಿರುವುದರಿಂದ ಎಳೆದಾಗ ಮೇಲಿನದಷ್ಟೇ ಬರುತ್ತದೆ, ಕೆಳಗಿನ ಗಡ್ಡೆಗಳು ಒಂದಕ್ಕೆ ಮೂರಾಗಿ ಚಿಗುರುತ್ತವೆ. 2,4-ಡಿ ಅದರ ಮೇಲ್ಭಾಗವನ್ನು ಸ್ವಲ್ಪ ಸುಡುತ್ತದೆ, ಅಷ್ಟೇ. ಅದಕ್ಕೆ ಹ್ಯಾಲೋಸಲ್ಫ್ಯೂರಾನ್ ಎಂಬ ಬೇರೆಯೇ ಔಷಧಿ ಇದೆ. ನಿಮ್ಮಲ್ಲಿ ಜೇಕು ಒಂದು ಮೂಲೆಗೆ ಸೀಮಿತವಾಗಿರುವುದರಿಂದ ಆ ಮೂಲೆಯ ಮಣ್ಣನ್ನು ಒಂದಡಿ ಆಳಕ್ಕೆ ಅಗೆದು ಗಡ್ಡೆ ಆರಿಸಿ ತೆಗೆಯುವುದೇ ಮೇಲು.

ನಾಲ್ಕನೆಯ ಫೋಟೊದ ಅಂಚಿನಲ್ಲಿ, ಕಂಪೌಂಡಿಗೆ ತಾಗಿ, ಕಾಂಗ್ರೆಸ್ ಕಸದ ಎಳೆ ಗಿಡಗಳಿವೆ. ನೀವು ಅದನ್ನು ಕೇಳಿಲ್ಲ, ಆದರೂ ಹೇಳಲೇಬೇಕು. ಈಗ ಅದು ನೆಲಕ್ಕೆ ಮಲಗಿದ ಎಲೆಯ ಚಕ್ರವಾಗಿದೆ, ಕತ್ತರಿಸುವ ಯಂತ್ರಕ್ಕೆ ಸಿಗುವುದಿಲ್ಲ. ಹೂ ಬಿಟ್ಟರೆ ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಚರ್ಮಕ್ಕೆ ತುರಿಕೆ, ಕೆಲವರಿಗೆ ಉಸಿರಿನ ತೊಂದರೆಯನ್ನೂ ತರುತ್ತದೆ. ಕೈಗವಸು ಹಾಕಿ ಬೇರುಸಹಿತ ಇದೇ ವಾರ ತೆಗೆಸಿ. ಎಲೆಗಳ ಮೇಲೆ ಬಿಳಿಬಣ್ಣದ ಮೈಗೆ ಕಂದು ಗೀಟುಗಳಿರುವ ದುಂಡು ಜೀರುಂಡೆ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕೀಟ, ಈ ಕಸವನ್ನೇ ಮೇಯುತ್ತದೆ.

600 ಚದರ ಅಡಿಗೆ ನನ್ನ ಸಲಹೆ ಕೈಕೆಲಸವೇ. ಎರೆಮಣ್ಣು ತೀರ ಹಸಿಯಾಗಿದ್ದಾಗ ಕೂತರೆ ಅಂಟುತ್ತದೆ, ಕಾಲಡಿಯ ನೆಲ ಇನ್ನಷ್ಟು ಗಟ್ಟಿಯಾಗುತ್ತದೆ. ಒಣಗಿದಾಗ ಎಳೆದರೆ ಬೇರು ಒಳಗೇ ಮುರಿಯುತ್ತದೆ. ಮಳೆ ಬಿಟ್ಟ ಮೇಲೆ ಮಣ್ಣು ಹದಕ್ಕೆ ಬರುವ ಹೊತ್ತನ್ನು ಹಿಡಿಯಿರಿ. ಕುರ್ಪಿಯ ತುದಿಯನ್ನು ಗಿಡದ ಬುಡದಲ್ಲಿ ಓರೆಯಾಗಿ ಇಳಿಸಿ ಬೇರನ್ನು ಎತ್ತಿ. ಪುಲ್ಲಂಪುರಚಿ ಮತ್ತು ಡೆಸ್ಮೋಡಿಯಂ ಬಳ್ಳಿಗಳನ್ನು ಮಾತ್ರ ಎಳೆಯುವ ಅವಸರ ಬೇಡ, ಒಂದು ತುದಿಯಿಂದ ಗೆಣ್ಣು ಗೆಣ್ಣು ಬಿಡಿಸುತ್ತ ಬನ್ನಿ. ಕಿತ್ತದ್ದನ್ನು ಅಂಚಿನಲ್ಲಿ ರಾಶಿ ಹಾಕಬಾರದು, ಅಲ್ಲೇ ಬೇರು ಬಿಡುತ್ತದೆ. ಗೋಣಿಚೀಲಕ್ಕೆ ತುಂಬಿ ಬಿಸಿಲಿನಲ್ಲಿ ಒಣಗಿಸಿ.

ಕೈಕೆಲಸ ಮಾಡಿಸಿದ ಮೇಲೂ ಅಗಲ ಎಲೆಯ ಕಸ ಅಲ್ಲಲ್ಲಿ ಉಳಿದರೆ 2,4-ಡಿಯನ್ನು ಚುಕ್ಕೆಚುಕ್ಕೆಯಾಗಿ, ಕಸವಿದ್ದಲ್ಲಿ ಮಾತ್ರ ಬಳಸಬಹುದು. ಇದು 1940ರ ದಶಕದಿಂದ ಬಳಕೆಯಲ್ಲಿರುವ ಕಳೆನಾಶಕ. ಗಿಡದ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ರಸವನ್ನು ಇದು ಅನುಕರಿಸುತ್ತದೆ. ಅಗಲ ಎಲೆಯ ಗಿಡ ಹದ ತಪ್ಪಿ ಬೆಳೆದು, ದಂಟು ತಿರುಚಿ, ಎರಡು ಮೂರು ವಾರಗಳಲ್ಲಿ ಸಾಯುತ್ತದೆ. ಕರಿಕೆಯಂಥ ಹುಲ್ಲು ಅದನ್ನು ಒಳಗೆ ಹೆಚ್ಚು ಸಾಗಿಸದೆ, ಬೇಗ ಒಡೆದುಹಾಕಿ ಬದುಕುತ್ತದೆ. ಅಗಲ ಎಲೆಯ ಬಫಲೋ ಹುಲ್ಲಿಗೆ ಆ ಶಕ್ತಿ ಕಡಿಮೆ. ನಿಮ್ಮದು ಕರಿಕೆಯಾದ್ದರಿಂದ ತೊಂದರೆಯಿಲ್ಲ.

ಬಾಟಲಿಯ ಮೇಲೆ 'ಅಮೈನ್ ಸಾಲ್ಟ್ 58%' ಎಂದಿದೆಯೋ 'ಈಥೈಲ್ ಎಸ್ಟರ್' ಎಂದಿದೆಯೋ ನೋಡಿ. ಎಸ್ಟರ್ ಆಗಿದ್ದರೆ ಹಿಂತಿರುಗಿಸಿ. ಅದು ಹೊಡೆದ ಮೇಲೂ ಬಿಸಿಲಿಗೆ ಆವಿಯಾಗಿ ಹರಡುತ್ತದೆ. ಹತ್ತಿ, ಮೆಣಸಿನಕಾಯಿ, ಟೊಮೆಟೊ, ಗುಲಾಬಿ, ದಾಸವಾಳ, ತುಳಸಿ ಎಲ್ಲವೂ ಅಗಲ ಎಲೆಯವೇ ಎಂಬುದನ್ನು ನೆನಪಿನಲ್ಲಿಡಿ. ಅದರಲ್ಲೂ ಹತ್ತಿಯಷ್ಟು ನಾಜೂಕಾದ ಬೆಳೆ ಇನ್ನೊಂದಿಲ್ಲ. 2,4-ಡಿಯ ಸೋಂಕು ತಗುಲಿದ ಹತ್ತಿಯ ಎಲೆ ಬೆಂಡೆಯ ಎಲೆಯಂತೆ ಸೀಳಿ ಸಣ್ಣದಾಗುತ್ತದೆ, ಮೊಗ್ಗು ಉದುರುತ್ತದೆ. ಡಿಸಿಎಚ್-32 ಎಂಬ ಹತ್ತಿಯ ತಳಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಹಾವೇರಿ ಕಡೆಗೆ ಬ್ಯಾಡಗಿ ಮೆಣಸಿನಕಾಯಿಯ ನೆಲ. ನವನಗರದಿಂದ ಅಮರಗೋಳ, ಗಾಮನಗಟ್ಟಿಯ ಹೊಲಗಳು ದೂರವಿಲ್ಲ. ಅಂಗಳದ ಅಂದಕ್ಕಾಗಿ ಹೊಡೆದದ್ದು ಯಾರದೋ ವರ್ಷದ ದುಡಿಮೆಗೆ ತಾಗಬಾರದು. ಈ ಮಾತನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಪ್ರಮಾಣದ ಲೆಕ್ಕ ಹೀಗಿದೆ. ಸಾಮಾನ್ಯವಾಗಿ ಹೆಕ್ಟೇರಿಗೆ 1 ಕಿಲೋದಷ್ಟು ಮೂಲಾಂಶ, ಅಂದರೆ ಬಾಟಲಿಯ ದ್ರಾವಣದೊಳಗಿನ ನಿಜವಾದ 2,4-ಡಿ, ಬೀಳಬೇಕು. ನಿಮ್ಮ 600 ಚದರ ಅಡಿ ಎಂದರೆ ಸುಮಾರು 56 ಚದರ ಮೀಟರ್. 58% ದ್ರಾವಣದಲ್ಲಿ ಇಡೀ ಜಾಗಕ್ಕೂ 10 ಮಿಲಿ ಸಾಕು, 5 ಲೀಟರ್ ನೀರಿನಲ್ಲಿ. ಅಂದರೆ ಲೀಟರಿಗೆ 2 ಮಿಲಿ. ಚುಕ್ಕೆಚುಕ್ಕೆಯಾಗಿ ಹೊಡೆಯುವಾಗ 1 ಲೀಟರ್ ದ್ರಾವಣವೂ ಖರ್ಚಾಗಲಿಕ್ಕಿಲ್ಲ. ಬಾಟಲಿಯ ಚೀಟಿ ಇದಕ್ಕಿಂತ ಕಡಿಮೆ ಹೇಳಿದರೆ ಚೀಟಿಯ ಮಾತೇ ಅಂತಿಮ. ಮುಚ್ಚಳದಲ್ಲಿ ಅಂದಾಜಿನಿಂದ ಸುರಿಯಬೇಡಿ. ಹೆಚ್ಚು ಹಾಕಿದರೆ ಎಲೆ ಬೇಗ ಸುಟ್ಟು ಔಷಧಿ ಬೇರಿಗೆ ಇಳಿಯುವುದೇ ಇಲ್ಲ, ಕಸ ಮತ್ತೆ ಚಿಗುರುತ್ತದೆ.

ಆಷಾಢ, ಶ್ರಾವಣದ ಗಾಳಿಯಲ್ಲಿ ಬೇಡ. ಮಳೆ ಬಿಡುವು ಕೊಟ್ಟ, ಗಾಳಿ ಬಿದ್ದ ಒಂದು ಬೆಳಿಗ್ಗೆ, ಮುಂದಿನ ಆರೆಂಟು ಗಂಟೆ ಮಳೆಯ ಲಕ್ಷಣವಿಲ್ಲದ ದಿನ ಆರಿಸಿ. ಎರಡು ಮೂರು ದಿನ ಮೊದಲಿನಿಂದ ಹುಲ್ಲು ಕತ್ತರಿಸಬೇಡಿ, ಹೊಡೆದ ಮೇಲೂ ಅಷ್ಟೇ ದಿನ ಬಿಡಿ. ಎಲೆ ಇದ್ದರಲ್ಲವೇ ಔಷಧಿ ಒಳಹೋಗುವುದು. ಗುಲಾಬಿ, ತುಳಸಿಗಳಿಗೆ ರಟ್ಟು ಅಡ್ಡ ಹಿಡಿಯಿರಿ, ಅಥವಾ ಆ ಅಂಚಿನಲ್ಲಿ ಪಂಪು ಬಿಟ್ಟು ಸ್ಪಂಜಿನಿಂದ ಎಲೆಗೆ ಒರೆಸಿ. ಅಮೈನ್ ಸಾಲ್ಟ್ ಕಣ್ಣಿಗೆ ಬಹಳ ಕೆಟ್ಟದ್ದು, ಕನ್ನಡಕ ಮತ್ತು ಕೈಗವಸು ಇಲ್ಲದೆ ಬಾಟಲಿ ತೆರೆಯಬಾರದು. ಮೊಮ್ಮಗಳನ್ನು ಎರಡು ದಿನ ಅಲ್ಲಿ ಬಿಡಬೇಡಿ. ನಂತರದ ಕೆಲವು ವಾರ ಕತ್ತರಿಸಿದ ಹುಲ್ಲನ್ನು ಗಿಡಗಳ ಬುಡಕ್ಕಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕಬೇಡಿ. ಆ ಪಂಪಿನಿಂದ ಮುಂದೆ ಗುಲಾಬಿಗೆ ಬೇವಿನೆಣ್ಣೆ ಹೊಡೆಯುವ ಯೋಚನೆಯೂ ಬೇಡ. ಎಷ್ಟು ತೊಳೆದರೂ ಕೊಳವೆಯಲ್ಲಿ ಉಳಿಯುವ ಅಂಶ ಗುಲಾಬಿಯನ್ನು ತಿರುಚಲು ಸಾಕು. ಕಳೆಗೆಂದೇ ಒಂದು ಸಣ್ಣ ಕೈಪಂಪು ಇಟ್ಟು ಅದರ ಮೇಲೆ ಬರೆದಿಡಿ.

ಮೆಟ್‌ಸಲ್ಫ್ಯೂರಾನ್ ವಿಷಯದಲ್ಲಿ ನನ್ನ ಉತ್ತರ ಖಚಿತವಾಗಿ ಬೇಡ ಎಂಬುದೇ. ಅದು ಪುಲ್ಲಂಪುರಚಿಯನ್ನು ಚೆನ್ನಾಗಿ ಕೊಲ್ಲುತ್ತದೆ ಎಂಬುದು ನಿಜ, ಹೊರದೇಶಗಳ ಕರಿಕೆ ಹುಲ್ಲುಹಾಸುಗಳಲ್ಲಿ ಬಳಕೆಯಲ್ಲಿಯೂ ಇದೆ. ಆದರೆ ಆ ಗುಂಪಿನ ಔಷಧಿಗಳು ಹುಳಿಮಣ್ಣಿನಲ್ಲಿ ಬೇಗ ಒಡೆಯುತ್ತವೆ, ಕ್ಷಾರದ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಹುಬ್ಬಳ್ಳಿ, ನವಲಗುಂದ, ಗದಗದ ಎರೆಮಣ್ಣು ಸಾಮಾನ್ಯವಾಗಿ ಕ್ಷಾರದ್ದೇ. ಹೆಕ್ಟೇರಿಗೆ ಕೆಲವೇ ಗ್ರಾಂ ಬೇಕಾಗುವ ಪುಡಿಯನ್ನು ಅಡುಗೆಮನೆಯ ಚಮಚದಲ್ಲಿ ಅಳೆದರೆ ಹತ್ತಾರು ಪಟ್ಟು ಹೆಚ್ಚು ಬೀಳುತ್ತದೆ. ಹುಲ್ಲಿನಡಿ ಚಾಚಿರುವ ಗುಲಾಬಿ, ದಾಸವಾಳದ ಬೇರು ಅದನ್ನು ಹೀರುತ್ತದೆ. ಇನ್ನೆರಡು ಬಾಟಲಿಗಳ ಬಗ್ಗೆಯೂ ಎಚ್ಚರ ಹೇಳುತ್ತೇನೆ. ಗ್ಲೈಫೋಸೇಟ್ ಹುಲ್ಲು, ಕಸ ಎರಡನ್ನೂ ಕೊಲ್ಲುತ್ತದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಕ್ಕಳಿರುವ ಮನೆಯ ಹೊಸ್ತಿಲು ಅದು ದಾಟಬಾರದು.

ಇನ್ನು ಹುಲ್ಲಿನ ಮಾತು. ನಿಮ್ಮಲ್ಲಿ ಕತ್ತರಿಸುವವರು ನೆಲ ಕಾಣುವಷ್ಟು ಬೋಳಿಸಿದ್ದಾರೆ. ಕರಿಕೆಯನ್ನು ಒಂದರಿಂದ ಒಂದೂವರೆ ಇಂಚು ಎತ್ತರಕ್ಕೆ ಉಳಿಸಲು ಹೇಳಿ, ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನೆಲಕ್ಕೆ ಬೆಳಕು ಬೀಳದಿದ್ದರೆ ಹಾಲುಗಿಡದ ಬೀಜವೂ ಪುಲ್ಲಂಪುರಚಿಯ ಬೀಜವೂ ಹೆಚ್ಚಾಗಿ ಮೊಳೆಯುವುದಿಲ್ಲ. ಕಸ ತೆಗೆದ ಮೇಲೆ 300 ಗ್ರಾಂ ಯೂರಿಯಾವನ್ನು ಒಣಗಿದ ಎಲೆಯ ಮೇಲೆ ಸಮನಾಗಿ ಎರಚಿ ಕೂಡಲೇ ನೀರು ಬಿಡಿ, ಮೂರು ವಾರದ ನಂತರ ಇನ್ನೊಮ್ಮೆ ಅಷ್ಟೇ. ನೀರಿನ ವಿಷಯದಲ್ಲಿ ನಮ್ಮ ಅವಳಿ ನಗರದ ಅಭ್ಯಾಸವೊಂದಿದೆ: ನಳದ ನೀರು ಬಂದ ದಿನ ಪೈಪು ಬಿಟ್ಟು ಮರೆಯುವುದು, ಇಲ್ಲದ ದಿನ ಮೇಲುಮೇಲೆ ಚಿಮುಕಿಸುವುದು. ಮೇಲುಮೇಲೆ ಚಿಮುಕಿಸಿದ ನೀರು ಬೀಜದಿಂದೇಳುವ ಕಸಕ್ಕೆ ಅನುಕೂಲ. ಮಳೆಯಿಲ್ಲದಾಗ ವಾರಕ್ಕೆ ಎರಡು ಸಲ, ನಾಲ್ಕೈದು ಇಂಚು ಆಳ ನೆನೆಯುವಂತೆ ಕೊಟ್ಟರೆ ಕರಿಕೆಯ ಬೇರು ಕೆಳಗಿಳಿಯುತ್ತದೆ.

ಗೇಟಿನ ಬಳಿಯ ಗಟ್ಟಿಯಾದ ಪಟ್ಟಿಗೆ ಇವ್ಯಾವುವೂ ಸಾಲವು. ಅಲ್ಲಿ ಕಬ್ಬಿಣದ ಸಲಾಕೆಯಿಂದ ಅರ್ಧ ಅಡಿಗೊಂದರಂತೆ ನಾಲ್ಕು ಇಂಚಿನ ರಂಧ್ರ ಚುಚ್ಚಿ, ಮರಳು ಮತ್ತು ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ತುಂಬಿಸಿ. ಜನ ನಡೆಯುವುದು ತಪ್ಪದು ಎಂದಾದರೆ ಆ ದಾರಿಗೆ ಹುಲ್ಲು ಬಿಟ್ಟು ಕಲ್ಲುಚಪ್ಪಡಿ ಹಾಕಿಸುವುದೇ ಒಳ್ಳೆಯದು. ನೆರಳಿನ ಮೂಲೆಯಲ್ಲೂ ಕರಿಕೆ ಎಂದಿಗೂ ದಟ್ಟವಾಗದು, ಅದಕ್ಕೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಹೊನಗೊನ್ನೆ ಆ ಮೂಲೆಯಲ್ಲೇ ಇರಲಿ, ಇಟ್ಟಿಗೆಯ ಅಂಚು ಕಟ್ಟಿ ಪಲ್ಯದ ಮಡಿ ಮಾಡಿಬಿಡಿ. ಆಗ ಅದರ ಸುತ್ತ ಔಷಧಿಯನ್ನು ಪೂರ್ತಿ ಕೈಬಿಡಬೇಕು.

ಹರಡಿದ ತಿಪ್ಪೆಗೊಬ್ಬರ ಪೂರ್ತಿ ಕಳಿತದ್ದಲ್ಲ ಎಂದು ನನ್ನ ಊಹೆ. ದನ ಮೇದ ಕಸದ ಬೀಜಗಳಲ್ಲಿ ಅನೇಕವು ಸಗಣಿಯಲ್ಲೂ ಜೀವಂತವಾಗಿ ಹೊರಬರುತ್ತವೆ. ತಿಪ್ಪೆ ಚೆನ್ನಾಗಿ ಕಾವು ಏರಿ ಕಳಿತರೆ ಮಾತ್ರ ಸಾಯುತ್ತವೆ. ಮಸಾರಿ ಮಣ್ಣಿನಲ್ಲೂ ಅದು ಬಂದ ಊರಿನ ಕಸವೆಲ್ಲ ಇರುತ್ತದೆ. ಆ ಬೀಜಗಳು ಇನ್ನೂ ನೆಲದಲ್ಲಿವೆ, ಮುಂದಿನ ವರ್ಷದ ಮೊದಲ ಮಳೆಗೆ ಏಳುತ್ತವೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಹಿಡಿಯುವ ಮೊದಲು ಪೆಂಡಿಮೆಥಾಲಿನ್ 30% ಹೊಡೆದು ಹಗುರಾಗಿ ನೀರು ಕೊಟ್ಟರೆ ಮೊಳಕೆ ಮೇಲೆ ಬರುವ ಮೊದಲೇ ಸಾಯುತ್ತದೆ. ನಿಮ್ಮ ಅಳತೆಗೆ ಸುಮಾರು 18 ಮಿಲಿ, 5 ಲೀಟರ್ ನೀರಿನಲ್ಲಿ. ಎದ್ದು ನಿಂತ ಗಿಡಕ್ಕೆ ಅದು ಏನೂ ಮಾಡದು. ಹೊಸದಾಗಿ ಹುಲ್ಲು ನೆಟ್ಟ ತೇಪೆಯ ಮೇಲೂ ಹೊಡೆಯಬಾರದು, ಬಳ್ಳಿಯ ಹೊಸ ಬೇರನ್ನು ತಡೆಯುತ್ತದೆ. ಸಿಮೆಂಟಿನ ಮೇಲೆ ಬಿದ್ದರೆ ಹಳದಿ ಕಲೆ ನಿಲ್ಲುತ್ತದೆ.

ಆದ್ದರಿಂದ ಬರಿದಾದ ಜಾಗಗಳಿಗೆ ಹುಲ್ಲನ್ನು ಈ ಮಳೆಯಲ್ಲೇ ನೆಡಿ. ಚೆನ್ನಾಗಿರುವ ಅಂಚಿನಿಂದ ಎರಡು ಮೂರು ಗೆಣ್ಣಿರುವ ಕರಿಕೆಯ ತುಂಡುಗಳನ್ನು ಕತ್ತರಿಸಿ, ಗೇಣಿಗೊಂದರಂತೆ ಹೂತು, ಮೇಲೆ ಕಾಲಿನಿಂದ ಒತ್ತಿ. ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ ಅವು ಕೂಡಿಕೊಂಡಿರುತ್ತವೆ. ಆಮೇಲೂ ಗುರುತು ಸಿಗದ ಗಿಡ ಕಂಡರೆ ಹೂವು, ಬೇರು ಎರಡೂ ಇರುವಂತೆ ಕಿತ್ತು, ಕಾಗದದಲ್ಲಿ ಸುತ್ತಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೇಂದ್ರ ಹತ್ತಿರ.